ಕಿಸೆಗೆ ಹಿಡಿಯಬೇಕು, ಕಣ್ಣು ಕಾಣಬೇಕು: ಗ್ಯಾಸ್ ಮಾಸ್ಕಿನ ಪಾಠ

ಎಣ್ಣೆ ಹೊಡೆಯುವಾಗ ಮೂಗು ಬಾಯಿಗೆ ಟವೆಲ್ ಸುತ್ತುವುದು ನಮ್ಮ ಕಡೆ ರೂಢಿ. ತೊಗರಿಗೆ ಕಾಯಿಕೊರಕ ಬಿದ್ದಾಗ, ಹತ್ತಿಗೆ ಹುಳ ಹತ್ತಿದಾಗ ಎಲ್ಲರ ಮುಖದ ಮೇಲೂ ಟವೆಲ್ಲೇ. ಈಗೀಗ ಅಂಗಡಿಯಲ್ಲಿ ಮುಖವಾಡ ಸಿಗುತ್ತದೆ, ಕೆಲವರು ತಂದದ್ದೂ ಉಂಟು. ಆದರೆ ಹೊಲದಲ್ಲಿ ನೋಡಿ: ನಾಲ್ಕು ಸಾಲು ಮುಗಿಯುವಷ್ಟರಲ್ಲಿ ಅದು ಹಣೆಗೆ ಏರಿರುತ್ತದೆ, ಇಲ್ಲವೇ ಕೊರಳಿಗೆ ಇಳಿದಿರುತ್ತದೆ. ಯಾಕಪ್ಪಾ ತೆಗೆದೆ ಅಂತ ಕೂಲಿಯವರನ್ನು ಕೇಳಿದರೆ ಸಿಗುವುದು ಮೂರೇ ಉತ್ತರ. ಒಂದು, "ಕನ್ನಡಿ ಮಂಜು ಹಿಡೀತದ, ಸಾಲು ಕಾಣಂಗಿಲ್ಲ." ಎರಡು, "ಉಸಿರು ಕಟ್ಟತದ." ಮೂರು, "ಮನ್ಯಾಗ ಬಿಟ್ಟು ಬಂದೀನಿ, ಅಷ್ಟು ದೊಡ್ಡದು ಯಾರು ಹೊತ್ತು ತರಬೇಕು?"

ಇದನ್ನು ಸೋಮಾರಿತನ ಅಂತ ತಳ್ಳಿಹಾಕಬೇಡಿ. ನೂರು ವರ್ಷಕ್ಕೂ ಹಿಂದಿನಿಂದ ಗ್ಯಾಸ್ ಮಾಸ್ಕ್ ಮಾಡುವವರು ತಲೆ ಕೆಡಿಸಿಕೊಂಡದ್ದು ಇದೇ ಮೂರು ಮಾತಿಗೆ. ಗಾಳಿ ಸೋಸುವುದು ಅವರಿಗೆ ಬೇಗ ಒಲಿಯಿತು. ಮಂಜು ಹಿಡಿಯದ ಹಾಗೆ, ಉಸಿರು ಸಲೀಸಾಗಿ ಆಡುವ ಹಾಗೆ, ಮಡಚಿ ಸಣ್ಣದು ಮಾಡುವ ಹಾಗೆ ಮಾಡುವುದೇ ಕಷ್ಟವಾಯಿತು. ತೆಗೆದಿಟ್ಟ ಮುಖವಾಡ ಎಷ್ಟೇ ಬೆಲೆಯದಾದರೂ ಟವೆಲ್ಲಿಗಿಂತ ಕಡೆ.

ಇದು ಸಣ್ಣ ವಿಷಯ ಅಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಎಣ್ಣೆ ಹೊಡೆಯುತ್ತಿದ್ದವರಲ್ಲಿ ಸುಮಾರು 20 ಮಂದಿ ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ಆ ವರ್ಷ ಅಲ್ಲಿ ಹತ್ತಿ ಆಳೆತ್ತರ ಬೆಳೆದಿತ್ತು. ಹೊಡೆದ ಎಣ್ಣೆ ಮಂಜಾಗಿ ಹೊಡೆಯುವವನ ಮುಖದ ಮೇಲೆಯೇ ಇಳಿಯುತ್ತಿತ್ತು. ಅವರೂ ನಮ್ಮಂಥ ಒಣಬೇಸಾಯದವರು. ಆದ್ದರಿಂದ ಮುಖವಾಡ ಹೇಗೆ ಕೆಲಸ ಮಾಡುತ್ತದೆ, ಯಾವುದನ್ನು ನೋಡಿ ಕೊಳ್ಳಬೇಕು ಎಂಬುದನ್ನು ಬುಡದಿಂದ ತಿಳಿಯುವುದು ಒಳ್ಳೆಯದು.

ಚೀಲದಿಂದ ಸುರು

1915ರ ಏಪ್ರಿಲ್ 22. ಮೊದಲ ಮಹಾಯುದ್ಧದ ಕಾಲ. ಬೆಲ್ಜಿಯಂ ದೇಶದ ಈಪ್ರ ಎಂಬ ಊರಿನ ಹತ್ತಿರ ಜರ್ಮನಿಯವರು ಸಾವಿರಾರು ಸಿಲಿಂಡರುಗಳಿಂದ 150 ಟನ್ನಿಗೂ ಹೆಚ್ಚು ಕ್ಲೋರಿನ್ ಅನಿಲವನ್ನು ಗಾಳಿಗೆ ಬಿಟ್ಟರು. ಕುಡಿಯುವ ನೀರಿಗೆ ಹಾಕುವ ಬ್ಲೀಚಿಂಗ್ ಪುಡಿಯ ವಾಸನೆ ಇದೆಯಲ್ಲ, ಅದೇ ಕ್ಲೋರಿನ್. ಗಾಳಿಗಿಂತ ಎರಡೂವರೆ ಪಟ್ಟು ಭಾರ. ನೀರಿನ ಹಾಗೆ ತಗ್ಗಿಗೆ ಹರಿದು ಸೈನಿಕರು ಕೂತಿದ್ದ ಕಂದಕ ತುಂಬಿತು. ನಾಲ್ಕು ದಿನದ ಮೇಲೆ, ಏಪ್ರಿಲ್ 26ರಂದು, ನಮ್ಮ ದೇಶದ ಲಾಹೋರ್ ಡಿವಿಜನ್ನಿನ ಸಿಪಾಯಿಗಳು ಅದೇ ಜಾಗದಲ್ಲಿ ಮುನ್ನುಗ್ಗಿ ಅದೇ ವಿಷಗಾಳಿಗೆ ಸಿಕ್ಕಿದರು. ಆವತ್ತು ಜಮಾದಾರ್ ಮೀರ್ ದಸ್ತ್ ಎಂಬವರು ಬಿದ್ದವರನ್ನು ಹೊತ್ತು ತಂದು ವಿಕ್ಟೋರಿಯಾ ಕ್ರಾಸ್ ಪಡೆದರು. ಆಗ ಸೈನಿಕರ ಹತ್ತಿರ ಇದ್ದದ್ದು ಒದ್ದೆ ಬಟ್ಟೆ ಮಾತ್ರ.

ಅದೇ ವರ್ಷ ನ್ಯೂಫೌಂಡ್‌ಲ್ಯಾಂಡಿನ ಕ್ಲೂನಿ ಮ್ಯಾಕ್‌ಫರ್ಸನ್ ಎಂಬ ಡಾಕ್ಟರು ಒಂದು ಉಪಾಯ ಮಾಡಿದರು. ಉಣ್ಣೆಬಟ್ಟೆಯ ಚೀಲವನ್ನು ಹೈಪೋ ದ್ರಾವಣದಲ್ಲಿ ಅದ್ದಿ ತಲೆಗೆ ಪೂರ್ತಿ ಹಾಕಿಕೊಂಡು ಕೊರಳಪಟ್ಟಿಯೊಳಗೆ ಸಿಕ್ಕಿಸುವುದು. ಹಿಂದೆ ಫೋಟೋ ಸ್ಟುಡಿಯೋದವರು ಫಿಲ್ಮ್ ತೊಳೆಯಲು ಬಳಸುತ್ತಿದ್ದ ಹೈಪೋ ಅದೇ. ಅದು ಕ್ಲೋರಿನ್ನನ್ನು ಕೊಲ್ಲುತ್ತದೆ. ಚೀಲ ಬಟ್ಟೆಯದ್ದು, ಮಡಚಿ ಕಿಸೆಯಲ್ಲಿ ಇಡಬಹುದು. ನೋಡಲಿಕ್ಕೆ ಮುಂದೆ ಅಭ್ರಕದ ಒಂದು ಕಿಟಕಿ.

ಇಲ್ಲಿಯೇ ಮೊದಲ ಜಗಳ ಸುರುವಾಯಿತು ನೋಡಿ. ಬಟ್ಟೆ ಮಡಚುತ್ತದೆ, ಅಭ್ರಕ ಮಡಚುವುದಿಲ್ಲ. ಹಾಳೆ ಹಾಳೆಯಾಗಿ ಬಿರಿಯುತ್ತದೆ. ಕಿಟಕಿ ಸೀಳಿದರೆ ಚೀಲ ಇದ್ದೂ ಇಲ್ಲದ ಹಾಗೆ. ಮುಂದೆ ಬಂದ ಚೀಲಗಳಿಗೆ ಎರಡು ಗುಂಡು ಗಾಜು ಕೂರಿಸಿದರು. ಗಾಜು ಬಿರಿಯಲಿಲ್ಲ, ಆದರೆ ಮಡಿಕೆ ದೊಡ್ಡದಾಯಿತು, ಅಕ್ಕಪಕ್ಕ ಕಾಣುವುದು ಕಡಿಮೆಯಾಯಿತು. ಮಡಚುವುದು ಬೇಕೆಂದರೆ ನೋಟ ಕೆಡುತ್ತದೆ, ನೋಟ ಬೇಕೆಂದರೆ ಮಡಿಕೆ ಕೆಡುತ್ತದೆ. ಈ ಜಗಳ ಬಗೆಹರಿಯಲಿಕ್ಕೆ ಮೆತ್ತನೆಯ ಪ್ಲಾಸ್ಟಿಕ್ ಬರಬೇಕಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಇದ್ದಿಲು ಮಾಡುವ ಕೆಲಸ

ಒಂದೊಂದು ವಿಷಕ್ಕೆ ಒಂದೊಂದು ದ್ರಾವಣ ಹುಡುಕುತ್ತಾ ಹೋದರೆ ಮುಗಿಯುವುದಿಲ್ಲ. ಹೈಪೋ ಕ್ಲೋರಿನ್ನಿಗೆ ಆಯಿತು, ಹಿಂದೆಯೇ ಬಂದ ಫಾಸ್ಜೀನ್ ಅನಿಲಕ್ಕೆ ಆಗಲಿಲ್ಲ. ಹಲವು ವಿಷಕ್ಕೆ ಒಟ್ಟಿಗೆ ಒದಗಿದ್ದು ಇದ್ದಿಲು. ಸ್ಕಾಟ್ಲೆಂಡಿನ ಜಾನ್ ಸ್ಟೆನ್‌ಹೌಸ್ ಎಂಬ ರಸಾಯನಶಾಸ್ತ್ರಜ್ಞರು 1854ರಲ್ಲಿಯೇ ಇದ್ದಿಲು ತುಂಬಿದ ಮುಖವಾಡ ಮಾಡಿದ್ದರು. 1915ರಲ್ಲಿ ರಷ್ಯಾದ ನಿಕೊಲಾಯ್ ಜೆಲಿನ್‌ಸ್ಕಿ ಅವರು ಹದಗೊಳಿಸಿದ ಇದ್ದಿಲನ್ನು ಗ್ಯಾಸ್ ಮಾಸ್ಕಿಗೆ ತಂದರು. 1916ರಲ್ಲಿ ಬ್ರಿಟಿಷರು ಡಬ್ಬಿಯಲ್ಲಿ ಇದ್ದಿಲು ತುಂಬಿ, ಎದೆಯ ಮೇಲಿನ ಚೀಲದಲ್ಲಿ ಇಟ್ಟು, ಅಲ್ಲಿಂದ ರಬ್ಬರ್ ಕೊಳವೆಯನ್ನು ಬಾಯಿಗೆ ಎಳೆದರು.

ಹದಗೊಳಿಸಿದ ಇದ್ದಿಲು ಅಂದರೆ ಉಗಿಯಲ್ಲಿ ಮತ್ತೆ ಸುಟ್ಟು ಒಳಗೆಲ್ಲ ಸೂಕ್ಷ್ಮ ತೂತು ಬೀಳಿಸಿದ ಇದ್ದಿಲು. ಅದರ ಒಂದು ಗ್ರಾಮಿನ ಒಳಮೈಯನ್ನು ಬಿಡಿಸಿ ಹಾಸಿದರೆ ಸುಮಾರು ಸಾವಿರ ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ! ಎರೆಭೂಮಿ ಬಿರುಕಿನೊಳಗೆ ನೀರು ಹಿಡಿದ ಹಾಗೆ ಇದ್ದಿಲು ತನ್ನ ತೂತುಗಳಲ್ಲಿ ವಿಷದ ಆವಿಯನ್ನು ಹಿಡಿಯುತ್ತದೆ. ತುಂಬಿದ ಮೇಲೆ ಹಿಡಿಯುವುದಿಲ್ಲ.

ಇದಕ್ಕೆ ಗಟ್ಟಿ ಚಿಪ್ಪಿನ ಇದ್ದಿಲೇ ಬೇಕು, ಮೆತ್ತನೆಯ ಕಟ್ಟಿಗೆಯದ್ದು ಪುಡಿಯಾಗುತ್ತದೆ. ಎಲ್ಲಕ್ಕಿಂತ ಉತ್ತಮ ತೆಂಗಿನ ಚಿಪ್ಪು. 1918ರಲ್ಲಿ ಅಮೆರಿಕದಲ್ಲಿ ತೆಂಗಿನ ಚಿಪ್ಪು ಸಾಲದೆ ಪೀಚ್ ಹಣ್ಣಿನ ಬೀಜ, ಅಕ್ರೋಟಿನ ಸಿಪ್ಪೆಗಳನ್ನು ಮನೆಮನೆಯಿಂದ ಕೂಡಿಸಿದರು. 200 ಪೀಚ್ ಬೀಜಕ್ಕೆ ಒಂದು ಮುಖವಾಡದ ಇದ್ದಿಲು ಎಂದು ಜನರಿಗೆ ಹೇಳಿದ್ದರು. ನಾವು ಒಲೆಗೆ ಹಾಕುವ ಚಿಪ್ಪಿಗೆ ಇಂಥ ಗುಣ ಇದೆ. ಹಾಗಂತ ಒಲೆಯ ಇದ್ದಿಲನ್ನು ಬಟ್ಟೆಯಲ್ಲಿ ಕಟ್ಟಿಕೊಂಡರೆ ಆಗುವುದಿಲ್ಲ, ಅದರಲ್ಲಿ ಆ ಸೂಕ್ಷ್ಮ ತೂತುಗಳು ಸಾಲವು.

ಇಲ್ಲಿ ಒಂದು ಭೇದ ಚೆನ್ನಾಗಿ ತಿಳಿಯಬೇಕು. ಗಾಳಿಯಲ್ಲಿ ಎರಡು ತರದ ವಿಷ ಬರುತ್ತದೆ. ಒಂದು ಕಣ: ಧೂಳು, ಪುಡಿ, ಪಂಪಿನ ತುಂತುರು. ಇನ್ನೊಂದು ಆವಿ: ಮುಚ್ಚಳ ತೆಗೆದಾಗ ಮೂಗಿಗೆ ಹೊಡೆಯುವ ವಾಸನೆ. ಕಣವನ್ನು ಹತ್ತಿಯಂಥ ದಟ್ಟ ಪದರ ಹಿಡಿಯುತ್ತದೆ, ಆವಿಯನ್ನು ಇದ್ದಿಲು ಹಿಡಿಯುತ್ತದೆ. ಕರೋನಾ ಕಾಲದಲ್ಲಿ ಎಲ್ಲರೂ ಕಂಡ ಎನ್-95 ಮಾಸ್ಕ್ ಚೆಂದ ಮಡಚುತ್ತದೆ, ಕಿಸೆಗೆ ಹಿಡಿಯುತ್ತದೆ. ಆದರೆ ಅದು ಕಣಕ್ಕೆ ಮಾತ್ರ. ರಾಶಿ ಮಾಡುವಾಗಿನ ಧೂಳಿಗೆ ಒಳ್ಳೆಯದು, ಎಣ್ಣೆಯ ಆವಿಗೆ ಅಲ್ಲ. ಟವೆಲ್ ಅಂತೂ ಎರಡಕ್ಕೂ ಅಲ್ಲ. ಅದು ತುಂತುರನ್ನು ಹೀರಿ ಒದ್ದೆಯಾಗಿ, ವಿಷವನ್ನು ತುಟಿಗೆ ಒತ್ತಿ ಹಿಡಿಯುತ್ತದೆ.

ಕನ್ನಡಿ ಯಾಕೆ ಮಂಜು ಹಿಡಿಯುತ್ತದೆ

ನಾವು ಬಿಡುವ ಉಸಿರು ಬಿಸಿ, ಅದರ ತುಂಬ ನೀರಿನ ಆವಿ. ತಣ್ಣಗಿನ ಕನ್ನಡಿಗೆ ತಾಗಿದ ಕೂಡಲೇ ಹನಿಯಾಗುತ್ತದೆ. ಅನ್ನದ ಪಾತ್ರೆಯ ಮುಚ್ಚಳದ ಒಳಗೆ ಬೆವರು ಕೂತ ಹಾಗೆ. ಬೆಳಗಿನ ತಂಪಿನಲ್ಲಿ ಎಣ್ಣೆ ಹೊಡೆಯುವವರಿಗೆ ಈ ಕಾಟ ಹೆಚ್ಚು. ಕಾಣದಾದಾಗ ಮನುಷ್ಯ ಮುಖವಾಡ ಎತ್ತುತ್ತಾನೆ. ಯುದ್ಧದಲ್ಲಿ ಎತ್ತಿದವನು ಸತ್ತ. ಹೊಲದಲ್ಲಿ ಎತ್ತಿದವನು ಸಂಜೆಗೆ ವಾಂತಿ ಮಾಡುತ್ತಾನೆ.

ಇದಕ್ಕೆ ಮಾಡಿದ ಉಪಾಯಗಳು ಓದಲಿಕ್ಕೆ ಚೆಂದ ಇವೆ.

ಜರ್ಮನಿಯವರು ಕನ್ನಡಿಯ ಒಳಗಡೆ ಜೆಲಾಟಿನ್ ಸವರಿದ ತೆಳ್ಳನೆಯ ಬಿಲ್ಲೆ ಇಟ್ಟರು. ಜೆಲಾಟಿನ್ ಹನಿಯನ್ನು ಹೀರಿಕೊಳ್ಳುತ್ತದೆ. ಹೀರಿ ತುಂಬಿದ ಮೇಲೆ ಬಿಲ್ಲೆ ಬದಲಿಸಬೇಕು.

ಬ್ರಿಟನ್ನಿನಲ್ಲಿ ಎರಡನೇ ಮಹಾಯುದ್ಧದ ಕಾಲಕ್ಕೆ ಊರ ಜನರಿಗೂ ಮುಖವಾಡ ಕೊಟ್ಟಾಗ, ಕಿಟಕಿಯ ಒಳಮೈಗೆ ತೆಳ್ಳಗೆ ಸಾಬೂನು ಸವರಿ ಅಂತ ಹೇಳಿದರು. ಇದರ ಗುಟ್ಟು ನಮಗೆ ಗೊತ್ತಿರುವಂಥದ್ದೇ. ಎಣ್ಣೆ ಹೊಡೆಯುವಾಗ ಎಲೆಯ ಮೇಲೆ ಹನಿ ಗುಂಡಗೆ ನಿಲ್ಲದೆ ಹರಡಲಿ ಅಂತ ಸಾಬೂನು ನೀರನ್ನೋ ಅಂಟು ದ್ರಾವಣವನ್ನೋ ಬೆರೆಸುತ್ತೇವಲ್ಲ, ಅದೇ ಇದು. ಗುಂಡು ಹನಿಗಳು ಸಾವಿರ ಇದ್ದರೆ ಬೆಳಕು ಚದುರಿ ಕನ್ನಡಿ ಬೆಳ್ಳಗಾಗುತ್ತದೆ. ಅದೇ ನೀರು ಹಾಳೆಯಾಗಿ ಹರಡಿದರೆ ಆಚೆ ಕಾಣುತ್ತದೆ. ಸಾಬೂನು ನೀರನ್ನು ತಡೆಯುವುದಿಲ್ಲ, ಹರಡುತ್ತದೆ.

ಎಲ್ಲಕ್ಕಿಂತ ಜಾಣ ಉಪಾಯ ಫ್ರಾನ್ಸಿನ ಟಿಸೊ ಎಂಬ ವಿಜ್ಞಾನಿಯದು. ಕನ್ನಡಿಗೆ ಏನನ್ನೂ ಸವರಲಿಲ್ಲ, ಗಾಳಿಯ ದಾರಿಯನ್ನೇ ತಿರುಗಿಸಿದರು. ಡಬ್ಬಿಯಿಂದ ಒಳಗೆ ಬರುವ ಗಾಳಿ ಒಣಗಾಳಿ. ಅದನ್ನು ನೇರ ಮೂಗಿಗೆ ಬಿಡದೆ ಮೊದಲು ಕನ್ನಡಿಯ ಮೇಲೆ ಹಾಯಿಸಿ ಆಮೇಲೆ ಮೂಗಿಗೆ ತಂದರು. ಪ್ರತಿ ಸಲ ಉಸಿರು ಎಳೆದಾಗಲೂ ಕನ್ನಡಿ ಒಣಗುತ್ತದೆ. ಮುಂದೆ ಇದಕ್ಕೆ ಇನ್ನೊಂದು ಸೇರಿತು: ಮುಖವಾಡದ ಒಳಗೆ ಮೂಗು ಬಾಯಿಗೆ ಮಾತ್ರ ಕೂರುವ ಸಣ್ಣ ಬಟ್ಟಲು. ಬಿಟ್ಟ ಉಸಿರು ಈ ಬಟ್ಟಲಿನಿಂದಲೇ ಹೊರಗೆ ಹೋಗುತ್ತದೆ, ಕಣ್ಣಿನ ಕಡೆ ಏರುವುದೇ ಇಲ್ಲ. ಇವತ್ತಿಗೂ ಪೂರ್ತಿ ಮುಖದ ಒಳ್ಳೆಯ ಮುಖವಾಡ ಈ ಎರಡರ ಮೇಲೆಯೇ ನಿಂತಿದೆ.

ಈ ಗಾಳಿಯನ್ನು ಒಂದೇ ದಿಕ್ಕಿಗೆ ಓಡಿಸಲು ವಾಲ್ವುಗಳಿವೆ. ಬಾವಿಯ ಪಂಪಿನ ಫುಟ್ ವಾಲ್ವ್ ನೆನಪು ಮಾಡಿಕೊಳ್ಳಿ. ನೀರು ಮೇಲೆ ಬರುತ್ತದೆ, ಕೆಳಗೆ ಇಳಿಯುವುದಿಲ್ಲ. ಇಲ್ಲಿಯೂ ಹಾಗೆ. ಒಳಗೆ ಬಿಡುವ ವಾಲ್ವು ಉಸಿರು ಎಳೆದಾಗ ತೆರೆಯುತ್ತದೆ, ಹೊರಗೆ ಬಿಡುವ ವಾಲ್ವು ಉಸಿರು ಬಿಟ್ಟಾಗ ತೆರೆಯುತ್ತದೆ. ರಬ್ಬರಿನ ತೆಳ್ಳನೆ ಬಿಲ್ಲೆ, ಅಷ್ಟೇ. ಅದರ ಕೆಳಗೆ ಒಂದು ಕಸ ಸಿಕ್ಕರೆ ಫುಟ್ ವಾಲ್ವಿಗೆ ಕಡ್ಡಿ ಸಿಕ್ಕ ಹಾಗೆ, ಸೋಸದ ಗಾಳಿ ಒಳಗೆ ಬರುತ್ತದೆ. ಉಸಿರು ಕಟ್ಟುವ ಮಾತಿಗೂ ಇಲ್ಲಿಯೇ ಉತ್ತರ ಇದೆ. ಹೊರಗೆ ಬಿಡುವ ವಾಲ್ವು ಇಲ್ಲದ ಮುಖವಾಡದಲ್ಲಿ ಬಿಟ್ಟ ಉಸಿರನ್ನೂ ಅದೇ ಪದರದ ಮೂಲಕ ದೂಡಬೇಕು. ಸ್ವಲ್ಪ ಹೊತ್ತಿಗೆ ಪದರ ಒದ್ದೆಯಾಗಿ ಬಿಗಿಯುತ್ತದೆ.

ಮಡಚುವ ವಿದ್ಯೆ

1916ರಲ್ಲಿ ಫ್ರಾನ್ಸಿನವರು ಎಂ-2 ಎಂಬ ಬಟ್ಟೆಯ ಮುಖವಾಡ ತಂದರು. ಔಷಧಿ ಅದ್ದಿದ ಹಲವು ಪದರ, ಮೇಲೆ ಕನ್ನಡಿ. ಮಡಚಿ ಸಣ್ಣ ಡಬ್ಬಿಯಲ್ಲಿ ಇಡಬಹುದು. ಎರಡು ಕೋಟಿ 90 ಲಕ್ಷದಷ್ಟು ಮಾಡಿ ಹಂಚಿದರು. ಅಷ್ಟು ಜನ ಒಪ್ಪಿಕೊಂಡದ್ದು ಅದು ಸಣ್ಣದಾಗಿದ್ದದ್ದಕ್ಕೆ, ಬೇಗ ಹಾಕಬಹುದಾದದ್ದಕ್ಕೆ.

ಬ್ರಿಟನ್ನಿನ ಕತೆ ಬೇರೆ. 1938ರ ಸೆಪ್ಟೆಂಬರಿನ ಹೊತ್ತಿಗೆ ಅಲ್ಲಿಯ ಸರ್ಕಾರ 3 ಕೋಟಿ 80 ಲಕ್ಷ ಮುಖವಾಡಗಳನ್ನು ಜನರಿಗೆ ಕೊಟ್ಟಿತ್ತು. ರಟ್ಟಿನ ಚೌಕ ಪೆಟ್ಟಿಗೆಯಲ್ಲಿ ಇಟ್ಟು, ದಾರ ಕಟ್ಟಿ, ಹೆಗಲಿಗೆ ಹಾಕಿಕೊಂಡು ಹೋದಲ್ಲೆಲ್ಲ ಒಯ್ಯಬೇಕು. ಯುದ್ಧ ಸುರುವಾದಾಗ ಎಲ್ಲರೂ ಒಯ್ದರು. ಕೆಲವೇ ತಿಂಗಳಲ್ಲಿ ಹೆಚ್ಚಿನವರು ಮನೆಯಲ್ಲಿ ಬಿಟ್ಟರು. ವಿಷಗಾಳಿಯ ಬಾಂಬು ಬೀಳಲಿಲ್ಲ, ಬದುಕಿದರು. ನಮ್ಮ ಕೂಲಿಯವರು ಹೇಳುವ ಮೂರನೇ ಮಾತನ್ನು ಅವರೂ ಹೇಳಿದ್ದರು ಅಂತಾಯಿತು.

ಸಣ್ಣದು ಮಾಡಲು ಆಮೇಲೆ ಮೂರು ದಾರಿ ಹಿಡಿದರು. ಮೊದಲನೆಯದು, ಜೋತಾಡುವ ಡಬ್ಬಿ ತೆಗೆಯುವುದು. 1959ರಲ್ಲಿ ಅಮೆರಿಕದ ಸೈನ್ಯ ತಂದ ಎಂ-17 ಮುಖವಾಡದಲ್ಲಿ ಸೋಸುವ ಪದರವನ್ನು ಎರಡು ಕೆನ್ನೆಯ ಒಳಗೇ ಇಟ್ಟರು. ಸಣ್ಣದಾಯಿತು, ಆದರೆ ಪದರ ಬದಲಿಸುವುದು ದೊಡ್ಡ ಗೋಳಾಯಿತು. ಆಮೇಲೆ ಮತ್ತೆ ಹೊರಗೆ ತಿರುಗಿಸಿ ಹಾಕುವ ಚಪ್ಪಟೆ ಡಬ್ಬಿಗೆ ಬಂದರು. ಎರಡನೆಯದು, ಕನ್ನಡಿಯನ್ನೇ ಮೆತ್ತಗೆ ಮಾಡುವುದು. ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್ ಸ್ವಚ್ಛವಾಗಿ ಕಾಣುತ್ತದೆ, ಬಗ್ಗಿದರೂ ಬಿರಿಯುವುದಿಲ್ಲ. ಎರಡು ಗುಂಡು ಗಾಜಿನ ಬದಲು ಮುಖದ ಅಗಲಕ್ಕೂ ಒಂದೇ ಕಿಟಕಿ ಬಂತು. ಕಾಲಬುಡವೂ ಪಕ್ಕದ ಸಾಲೂ ಕಾಣುವ ಹಾಗಾಯಿತು. 1915ರ ಅಭ್ರಕದ ಜಗಳ ಇಲ್ಲಿ ಬಗೆಹರಿಯಿತು. ಆದರೂ ಒಂದು ಕೊರತೆ ಉಳಿಯಿತು. ಮೆತ್ತನೆಯ ಕಿಟಕಿಗೆ ಗೀರು ಬೇಗ ಬೀಳುತ್ತದೆ.

ಮೂರನೆಯದು, ಓಡಿ ಪಾರಾಗಲಿಕ್ಕೆ ಮಾತ್ರ ಮಾಡಿದ ತಲೆಚೀಲ. ಕಾಣುವ ಪ್ಲಾಸ್ಟಿಕ್ಕಿನ ಅಥವಾ ಕಿಟಕಿ ಇರುವ ಚೀಲ, ಕೊರಳಿಗೆ ಎಲಾಸ್ಟಿಕ್, ಬಾಯಿಯ ಹತ್ತಿರ ಸಣ್ಣ ಡಬ್ಬಿ. ಗಾಳಿಯಾಡದ ಪೊಟ್ಟಣದಲ್ಲಿ ಮಡಚಿ ಇಟ್ಟಿರುತ್ತಾರೆ. ಬೆಂಕಿ ಬಿದ್ದ ಕಟ್ಟಡದಿಂದ ಹೊರಬರಲು ಇರುವ ಇಂಥ ಚೀಲ ಯುರೋಪಿನ ನಿಯಮದ ಪ್ರಕಾರ ಕಡೇ ಪಕ್ಷ 15 ನಿಮಿಷ ಕಾಯಬೇಕು. ಇದನ್ನು ಹಾಕಿಕೊಂಡು ಕೆಲಸ ಮಾಡುವಂತಿಲ್ಲ. ಓಡುವುದಕ್ಕೆ ಮಾತ್ರ.

ಇಂಥದ್ದೇನೂ ಇಲ್ಲದೆ ಹೋದದ್ದು ಭೋಪಾಲದಲ್ಲಿ. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿಯ ಕಾರ್ಖಾನೆಯಿಂದ ಸೋರಿದ್ದು ಮಿಥೈಲ್ ಐಸೋಸಯನೇಟ್. ನಾವು ಬೆಳೆಗೆ ಉದುರಿಸುತ್ತಿದ್ದ ಕಾರ್ಬರಿಲ್ ಪುಡಿ ಮಾಡಲು ಬೇಕಾದ ವಸ್ತು ಅದು. ಕಾರ್ಬರಿಲ್ಲನ್ನು ನಮ್ಮ ದೇಶದಲ್ಲಿ 2018ರಲ್ಲಿ ನಿಷೇಧಿಸಿದರು. ಆ ಅನಿಲ ಗಾಳಿಗಿಂತ ಭಾರ, ನೀರಿನ ಜೊತೆ ಸೇರಿ ಒಡೆಯುವಂಥದ್ದು. ಒದ್ದೆ ಬಟ್ಟೆ ಮುಖಕ್ಕೆ ಹಿಡಿದುಕೊಂಡಿದ್ದರೂ ಅಷ್ಟಿಷ್ಟು ತಡೆಯುತ್ತಿತ್ತು. ಅದನ್ನು ಸುತ್ತಲಿನ ಜನರಿಗೆ ಮೊದಲೇ ಯಾರೂ ಹೇಳಿರಲಿಲ್ಲ. ಸಾವಿರಾರು ಜನ ಸತ್ತರು. ಕೈಗೆ ಸಿಗುವಲ್ಲಿ ಇಲ್ಲದ ಸಾಮಾನು, ತಲೆಯಲ್ಲಿ ಇಲ್ಲದ ತಿಳುವಳಿಕೆ, ಎರಡೂ ಒಂದೇ.

ನಮ್ಮ ಹೊಲಕ್ಕೆ ಎಂಥದ್ದು?

ಪೂರ್ತಿ ಮುಖದ ಮುಖವಾಡ ನಮ್ಮ ಬಿಸಿಲಿಗೆ ಭಾರ, ಬೆಲೆಯೂ ಹೆಚ್ಚು. ನಮ್ಮ ಊರಲ್ಲಿ ನಾಲ್ಕೈದು ಮಂದಿ ಬೇರೆ ಬೇರೆ ತಂದು ಹಾಕಿ ನೋಡಿದೆವು. ನಮಗೆ ಹೊಂದಿದ್ದು ಅರ್ಧ ಮುಖದ್ದು: ಮೂಗು ಬಾಯಿ ಮುಚ್ಚುವ ರಬ್ಬರ್ ಅಥವಾ ಸಿಲಿಕೋನ್ ಬಟ್ಟಲು, ಎರಡು ಪಕ್ಕಕ್ಕೆ ತಿರುಗಿಸಿ ಹಾಕುವ ಚಪ್ಪಟೆ ಡಬ್ಬಿ. ಕಣ್ಣಿಗೆ ಬೇರೆ ಕನ್ನಡಕ. ಇದರಲ್ಲಿ ಉಸಿರಿನ ಕೋಣೆಯೇ ಬೇರೆ, ಕಣ್ಣಿನ ಕೋಣೆಯೇ ಬೇರೆ. ಬಟ್ಟಲು ಮೂಗಿನ ಮೇಲೆ ಸರಿಯಾಗಿ ಕೂತಿದ್ದರೆ ಕನ್ನಡಕಕ್ಕೆ ಉಸಿರು ಹೋಗುವುದಿಲ್ಲ, ಮಂಜು ಕಡಿಮೆ. ಡಬ್ಬಿ ಬಿಚ್ಚಿದರೆ ಬಟ್ಟಲು ಚಪ್ಪಟೆಯಾಗಿ ಊಟದ ಬುತ್ತಿಯ ಪಕ್ಕ ಹಿಡಿಯುತ್ತದೆ.

ಕೊಳ್ಳುವಾಗ, ಬಳಸುವಾಗ ಇಷ್ಟು ನೋಡಿ:

1. ಡಬ್ಬಿಯ ಮೇಲಿನ ಬಣ್ಣ ನಂಬಬೇಡಿ, ಅಕ್ಷರ ಓದಿಸಿ. ಯುರೋಪಿನ ಪದ್ಧತಿಯಲ್ಲಿ ಎಣ್ಣೆಯಂಥ ಸಾವಯವ ಆವಿಗೆ ಕಂದು ಬಣ್ಣ, ಅಮೆರಿಕದ ಪದ್ಧತಿಯಲ್ಲಿ ಅದಕ್ಕೇ ಕಪ್ಪು. ಯುರೋಪಿನ ಡಬ್ಬಿಯಲ್ಲಿ ಸಾವಯವ ಆವಿಗೆ 'ಎ', ಕಣಕ್ಕೆ 'ಪಿ' ಎಂದು ಇರುತ್ತದೆ. ನಮಗೆ ಎರಡೂ ಬೇಕು. ಎಣ್ಣೆ ಡಬ್ಬದ ಚೀಟಿಯಲ್ಲಿ ಎಂಥ ಮುಖವಾಡ ಬೇಕೆಂದು ಬರೆದಿದ್ದರೆ ಅದೇ ಕಡೇ ಮಾತು.

2. ಹಾಕಿದ ಮೇಲೆ ಎರಡೂ ಡಬ್ಬಿಯನ್ನು ಅಂಗೈಯಿಂದ ಮುಚ್ಚಿ ಉಸಿರು ಎಳೆಯಿರಿ. ಬಟ್ಟಲು ಮುಖಕ್ಕೆ ಅಂಟಿ ಹತ್ತು ಎಣಿಸುವ ತನಕ ಹಾಗೇ ನಿಲ್ಲಬೇಕು. ನಿಲ್ಲದಿದ್ದರೆ ಸಂದು ಇದೆ. ಸಕ್ಷನ್ ಪೈಪಿನಲ್ಲಿ ಕೂದಲೆಳೆಯಷ್ಟು ಸಂದಿದ್ದರೂ ಪಂಪು ನೀರು ಬಿಟ್ಟು ಗಾಳಿ ಎಳೆಯುತ್ತದಲ್ಲ, ಹಾಗೆ ಇದೂ ಡಬ್ಬಿ ಬಿಟ್ಟು ಸಂದಿನಿಂದ ಎಳೆಯುತ್ತದೆ.

3. ಗಡ್ಡ ಇದ್ದರೆ ಸಂದು ಬಿದ್ದೇ ಬೀಳುತ್ತದೆ. ಎರಡು ದಿನದ ಕುರುಚಲು ಗಡ್ಡವೂ ಸಾಕು. ಎಣ್ಣೆ ಹೊಡೆಯುವ ದಿನ ಮೊದಲು ಕ್ಷೌರ, ಆಮೇಲೆ ಹೊಲ. ಮೀಸೆ ಬಟ್ಟಲಿನ ಒಳಗೆ ಹಿಡಿದರೆ ತೊಂದರೆ ಇಲ್ಲ.

4. ಕನ್ನಡಕದ ಒಳಮೈಗೆ ಪಾತ್ರೆ ತೊಳೆಯುವ ಸಾಬೂನಿನ ಒಂದು ಹನಿ ಸವರಿ, ಮೆತ್ತನೆ ಬಟ್ಟೆಯಿಂದ ಕಾಣುವಷ್ಟು ಒರೆಸಿ. ಹೆಚ್ಚಾದರೆ ಬೆವರಿನ ಜೊತೆ ಇಳಿದು ಕಣ್ಣು ಉರಿಯುತ್ತದೆ. ಧೂಳು ಕೂತ ಕನ್ನಡಕವನ್ನು ಲುಂಗಿ ತುದಿಯಿಂದ ತಿಕ್ಕಬೇಡಿ, ನೀರು ಹೊಯ್ದು ತೊಳೆಯಿರಿ. ಒಂದು ಸಲ ಗೀರು ಬಿದ್ದರೆ ಹೋಗುವುದಿಲ್ಲ.

5. ಮಡಚುವಾಗ ಅಂಚಿನ ಮೇಲೆ ಮಡಿಕೆ ಬೀಳಬಾರದು. ಹಳೆಯ ಸೈಕಲ್ ಟ್ಯೂಬ್ ಮಡಿಕೆ ಬಿದ್ದಲ್ಲಿಯೇ ಸೀಳುವುದನ್ನು ನೋಡಿದ್ದೀರಿ. ಮುಖಕ್ಕೆ ಕೂರುವ ಅಂಚು ಸೊಟ್ಟಗಾದರೆ ಸಂದು ಖಾಯಂ. ಬಿಸಿಲಲ್ಲಿ ಬೈಕಿನ ಮೇಲೆ ಬಿಡಬೇಡಿ.

6. ಇದ್ದಿಲಿನ ಡಬ್ಬಿ ತೆರೆದ ಗಳಿಗೆಯಿಂದ ಕೆಲಸ ಮಾಡುತ್ತಲೇ ಇರುತ್ತದೆ, ನೀವು ಹಾಕಿಕೊಳ್ಳಿ ಬಿಡಿ. ಎಣ್ಣೆ ಡಬ್ಬಗಳ ಪಕ್ಕ ಗೂಟಕ್ಕೆ ತೂಗುಹಾಕಿದರೆ ಅಲ್ಲಿಯ ವಾಸನೆ ಹೀರಿ ಹೀರಿ ಹೊಲಕ್ಕೆ ಹೋಗುವ ಮೊದಲೇ ತುಂಬಿರುತ್ತದೆ. ಕೆಲಸ ಮುಗಿದ ಕೂಡಲೇ ಒರೆಸಿ, ಗಾಳಿಯಾಡದ ಡಬ್ಬದಲ್ಲಿ ಮುಚ್ಚಿ, ಎಣ್ಣೆಯಿಂದ ದೂರ ಇಡಿ. ಡಬ್ಬಿಯನ್ನು ನೀರಲ್ಲಿ ತೊಳೆಯುವಂತಿಲ್ಲ, ಬಟ್ಟಲನ್ನು ತೊಳೆಯಬಹುದು.

7. ಒಳಗೆ ಎಣ್ಣೆಯ ವಾಸನೆಯೋ ರುಚಿಯೋ ಬಂದರೆ ಡಬ್ಬಿ ಮುಗಿಯಿತು. ಆ ಕ್ಷಣ ಗಾಳಿಗೆ ಎದುರಾಗಿ ಹೊಲದಿಂದ ಹೊರಗೆ ಬನ್ನಿ. ವಾಸನೆ ಇಲ್ಲದ ಎಣ್ಣೆಯೂ ಇರುವುದರಿಂದ ವಾಸನೆಯನ್ನೇ ಕಾಯುತ್ತ ಕೂರಬೇಡಿ, ಕಂಪನಿ ಹೇಳಿದ ಅವಧಿಗೆ ಬದಲಿಸಿ. ಉಸಿರು ಎಳೆಯುವುದು ಭಾರವಾದರೆ ಧೂಳಿನ ಪದರ ತುಂಬಿದೆ ಎಂದು ಅರ್ಥ.

ಇನ್ನೊಂದು ಮಾತು. ಎಣ್ಣೆ ಮೂಗಿನಿಂದ ಮಾತ್ರ ಒಳಗೆ ಹೋಗುವುದಿಲ್ಲ. ಬಹಳಷ್ಟು ಹೋಗುವುದು ಚರ್ಮದಿಂದ, ಅದರಲ್ಲೂ ಸೋರುವ ಪಂಪಿನಿಂದ ಬೆನ್ನು ಒದ್ದೆಯಾದಾಗ. ತುಂಬುತೋಳಿನ ಅಂಗಿ, ಕೈಚೀಲ, ಬೂಟು ಇಲ್ಲದೆ ಮುಖವಾಡ ಒಂದನ್ನೇ ಹಾಕಿ ಧೈರ್ಯ ಮಾಡಬಾರದು. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ವಿಜ್ಞಾನಿಗಳು, ತಾಗಿದ ಕೀಟನಾಶಕವನ್ನು ಬಟ್ಟೆಯೇ ಒಡೆದುಹಾಕುವಂಥ ಉಡುಪು ತಯಾರಿಸಿದ್ದಾರೆ. ಕಿಸಾನ್ ಕವಚ್ ಅಂತ ಹೆಸರು, 2024ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಬಿಡುಗಡೆಯಾಯಿತು. ಆಗ ಬೆಲೆ 4,000 ರೂಪಾಯಿ ಎಂದಿದ್ದರು. ತೊಳೆದು ತೊಳೆದು ಬಳಸಬಹುದು. ಒಬ್ಬೊಬ್ಬರಿಗೆ ಭಾರವಾದರೆ ನಾಲ್ಕು ಮನೆಯವರು ಕೂಡಿ ಉಡುಪು ತರಬಹುದು. ಮುಖವಾಡದ ಬಟ್ಟಲು ಮಾತ್ರ ಒಬ್ಬರದು ಒಬ್ಬರಿಗೆ ಸಲ್ಲದು, ಮುಖದ ಅಳತೆ ಬೇರೆ ಬೇರೆ.

ಬಾವಿಗೆ ಇಳಿಯಬೇಡಿ

ಕೊನೆಗೆ ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ. ಇಷ್ಟು ಹೊತ್ತು ಹೇಳಿದ ಮುಖವಾಡ ಗಾಳಿಯನ್ನು ಸೋಸುತ್ತದೆಯೇ ಹೊರತು ಗಾಳಿಯನ್ನು ಮಾಡುವುದಿಲ್ಲ. ಹೊರಗಿನ ಗಾಳಿಯಲ್ಲಿ ನೂರಕ್ಕೆ 21 ಭಾಗದಷ್ಟು ಆಮ್ಲಜನಕ ಇದೆ. ಅದು 19.5ಕ್ಕಿಂತ ಕೆಳಗೆ ಇಳಿದ ಜಾಗದಲ್ಲಿ ಸೋಸುವ ಮುಖವಾಡ ಬಳಸಕೂಡದು ಎಂದು ನಿಯಮವೇ ಇದೆ. ಬಹಳ ದಿನ ಮುಚ್ಚಿದ ಹಾಳುಬಾವಿ, ಗೋಬರ್ ಗ್ಯಾಸಿನ ಗುಂಡಿ, ಹಗೇವು, ಪಾಯಿಖಾನೆಯ ಗುಂಡಿ, ಇವುಗಳಲ್ಲಿ ಆಮ್ಲಜನಕವೇ ಇಲ್ಲದಿರಬಹುದು. ಎಷ್ಟು ಬೆಲೆಬಾಳುವ ಡಬ್ಬಿ ಇದ್ದರೂ ಇಳಿದವನು ಎರಡು ಉಸಿರಿಗೆ ಬೀಳುತ್ತಾನೆ. ಅವನನ್ನು ಎತ್ತಲು ಇಳಿದ ತಮ್ಮನೋ ಮಗನೋ ಅವನ ಮೇಲೆಯೇ ಬೀಳುತ್ತಾನೆ. ಒಂದು ಮನೆಯ ಮೂವರು ಒಂದೇ ಗುಂಡಿಯಲ್ಲಿ ಸತ್ತ ಸುದ್ದಿ ನಾವೆಲ್ಲ ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. ಗೊಬ್ಬರದ ಗುಂಡಿಯ ಕೊಳೆತ ಮೊಟ್ಟೆ ವಾಸನೆ ನಿಂತುಹೋದರೆ ಅನಿಲ ಹೋಯಿತು ಅಂತಲೂ ತಿಳಿಯಬೇಡಿ. ಅದು ಹೆಚ್ಚಾದಾಗ ಮೂಗೇ ಸತ್ತುಹೋಗುತ್ತದೆ.

ದೀಪ ಇಳಿಬಿಟ್ಟು ನೋಡುವ ಹಳೆಯ ಪದ್ಧತಿ ಹಾಳುಬಾವಿಗೂ ಪೂರ್ತಿ ನಂಬಿಕೆಗೆ ಯೋಗ್ಯವಲ್ಲ. ಗೋಬರ್ ಗ್ಯಾಸಿನ ಗುಂಡಿಯ ಹತ್ತಿರ ಅಂತೂ ದೀಪ ತಂದರೆ ಸಿಡಿಯುತ್ತದೆ. ಅಂಥ ಜಾಗಕ್ಕೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಬರುವ ಅಗ್ನಿಶಾಮಕ ದಳದವರೇ ಬೇಕು. ಫೋನ್ ನಂಬರ್ 101, ಇಲ್ಲವೇ 112. ಅವರು ಬರುವ ತನಕ ಮೇಲಿಂದ ಹಗ್ಗ ಬಿಡಿ, ಮೇಲಿಂದ ಗಾಳಿ ಊದಿಸಿ. ಕೆಳಗೆ ಯಾರನ್ನೂ ಬಿಡಬೇಡಿ.

ಹಾಗೆಯೇ ಸಾದಾ ಇದ್ದಿಲಿನ ಡಬ್ಬಿ ಕಾರ್ಬನ್ ಮೊನಾಕ್ಸೈಡನ್ನು ಹಿಡಿಯುವುದಿಲ್ಲ. ಮುಚ್ಚಿದ ಪಂಪಿನ ಕೋಣೆಯಲ್ಲಿ ಡೀಸೆಲ್ ಎಂಜಿನ್ ಓಡಿದಾಗ, ಸಣ್ಣ ಕೋಣೆಯಲ್ಲಿ ಕೆಂಡ ಇಟ್ಟು ಮಲಗಿದಾಗ ತುಂಬುವುದು ಅದೇ ಅನಿಲ, ವಾಸನೆಯೂ ಇಲ್ಲ. ಅಲ್ಲಿ ಬೇಕಾದದ್ದು ತೆರೆದ ಬಾಗಿಲು.

ಮುಂದಿನ ಸಲ ತೊಗರಿಗೆ ಎಣ್ಣೆ ಹೊಡೆಸುವಾಗ ಕೂಲಿಯವರ ಕೈಗೆ ಮುಖವಾಡ ಕೊಟ್ಟು ಸುಮ್ಮನಾಗಬೇಡಿ. ಹಾಕಿಸಿ ನೋಡಿ, ಸಾಲು ಕಾಣುತ್ತದೆಯೇ ಕೇಳಿ, ಉಸಿರು ಸಲೀಸೇ ಕೇಳಿ. ಇಲ್ಲ ಅಂದರೆ ಆವತ್ತಿನ ಕೆಲಸಕ್ಕೆ ಅದು ಮುಖವಾಡವೇ ಅಲ್ಲ. ಬೇರೆ ತರುವ ತನಕ ಪಂಪು ಕೆಳಗಿರಲಿ. ಹುಳ ಒಂದು ದಿನ ಹೆಚ್ಚು ತಿಂದರೆ ತಿನ್ನಲಿ.